ಮುಚ್ಚಿದ ಟ್ಯಾಂಕಿನೊಳಗಿನ ಗಾಳಿ

ನಲ್ಲಿ ತಿರುಗಿಸಿದರೆ ಕೆಂಪು ನೀರು. ಬೇಸತ್ತು ನಮ್ಮ ಶಾಲೆಯ ಕಬ್ಬಿಣದ ಟ್ಯಾಂಕನ್ನು ಖಾಲಿ ಮಾಡಿ, ಮುಚ್ಚಳಕ್ಕೆ ಬೋಲ್ಟು ಬಿಗಿದು ನಾಲ್ಕು ತಿಂಗಳಾಗಿತ್ತು. ಅದರ ತುಕ್ಕು ಕೆರೆದು ಬಣ್ಣ ಬಳಿಯಲು ಅಂದು ಪೇಂಟರ್ ಬಂದಿದ್ದರು.

ನಾನು ಎಂಟನೇ ತರಗತಿಯಲ್ಲಿ ತುಕ್ಕಿನ ಪಾಠ ಮಾಡುತ್ತಿದ್ದೆ. ಹಿಂದಿನ ದಿನವೇ ಪಾತ್ರೆ ಉಜ್ಜುವಂಥ ಕಬ್ಬಿಣದ ನಾರನ್ನು ಒದ್ದೆ ಮಾಡಿ ತುಂಬಿ ಬಿಗಿದಿಟ್ಟ ಎರಡು ಸೀಸೆಗಳಿದ್ದವು. ಒಂದನ್ನು ತೆರೆದು ಉರಿಯುವ ಕಡ್ಡಿ ಇಳಿಸಿದೆ. ಪಕ್ಕನೆ ಆರಿತು.

ಪೇಂಟರ್ ಮಗಳು ಎದ್ದು ನಿಂತಳು. "ಮೇಡಂ, ಮುಚ್ಚಿದ ಟ್ಯಾಂಕಲ್ಲೂ ಹೀಗೇ ಆಗುತ್ತಾ? ಅಪ್ಪ ಈಗ ಅದರೊಳಗೆ ಇಳೀತಾರೆ."

ಇನ್ನೊಂದು ಸೀಸೆ ಹಿಡಿದು ಟ್ಯಾಂಕಿನ ಬಳಿಗೆ ಓಡಿದೆ. ಪೇಂಟರ್ ಮುಚ್ಚಳ ತೆಗೆದು ಆಗಲೇ ಒಂದು ಕಾಲು ಒಳಗಿಟ್ಟಿದ್ದರು.

"ಇಳೀಬೇಡಿ. ಒಳಗಿರೋ ಗಾಳೀನ ತುಕ್ಕು ತಿಂದಿರುತ್ತೆ."

"ಚೆನ್ನಾಗಿದೆ ಮೇಡಂ. ತುಕ್ಕು ಕಬ್ಬಿಣ ತಿನ್ನೋದು ಗೊತ್ತು, ಗಾಳಿ ತಿನ್ನೋದು ಇವತ್ತೇ ಕೇಳ್ತಿರೋದು. ವಾಸನೆ ಇಲ್ಲ, ಹೊಗೆ ಇಲ್ಲ."

"ಕಬ್ಬಿಣ ತುಕ್ಕು ಹಿಡಿಯೋದೇ ಗಾಳೀಲಿರೋ ಆಮ್ಲಜನಕ ಹೀರಿಕೊಂಡು. ಅದು ಖಾಲಿಯಾದ್ರೆ ಯಾವ ವಾಸನೇನೂ ಬರಲ್ಲ. ನೀವೇ ಈ ಸೀಸೆಗೆ ಕಡ್ಡಿ ಗೀರಿ ಇಳಿಸಿ."

ನಗುತ್ತಲೇ ಕಾಲು ಹೊರಗೆ ತೆಗೆದು ನನ್ನ ಬಳಿ ಬಂದು, ಸೀಸೆ ತೆರೆದು ಕಡ್ಡಿ ಗೀರಿ ಇಳಿಸಿದರು. ಕಡ್ಡಿ ಆರಿತು. ನಗುವೂ ನಿಂತಿತು.

"ಏನು ಹಾಕಿದ್ದೀರಿ ಇದಕ್ಕೆ?"

"ಒದ್ದೆ ಕಬ್ಬಿಣ ಬಿಟ್ರೆ ಏನೂ ಇಲ್ಲ."

ಅವರು ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನನ್ನ ತಮ್ಮ ಹೀಗೇ ಒಂದು ಟ್ಯಾಂಕಿಗೆ ಇಳಿದು ಸತ್ತ. ಅವನನ್ನ ಎತ್ತೋಕೆ ಇಳಿದ ಭಾವಮೈದನೂ ಸತ್ತ. ಹಾರ್ಟು ಅಂದ್ರು. ಇಬ್ಬರಿಗೂ ಒಂದೇ ಗಳಿಗೇಲಿ ಹಾರ್ಟಾ ಅಂತ ನಾವ್ಯಾರೂ ಕೇಳಲೇ ಇಲ್ಲ." ಸೀಸೆಯನ್ನು ನನ್ನ ಕೈಗೆ ಕೊಡುತ್ತಾ ಹೇಳಿದರು, "ತಮ್ಮ ನಿಮ್ಮ ಹತ್ರಾನೇ ಓದಿದ್ದು, ಮೇಡಂ."

ನೆನಪಾಯಿತು. ತುಕ್ಕಿನ ಸಮೀಕರಣವನ್ನು ಒಂದೂ ತಪ್ಪಿಲ್ಲದೆ ಬರೆದಿದ್ದ ಹುಡುಗ. ಪೂರ್ತಿ ಅಂಕ ಕೊಟ್ಟಿದ್ದೆ. ಆ ಆಮ್ಲಜನಕ ಎಲ್ಲಿಂದ ಬರುತ್ತದೆ, ಅದು ಮುಗಿದರೆ ಒಳಗಿರುವ ಮನುಷ್ಯನ ಗತಿಯೇನು ಎಂದು ಮಾತ್ರ ನಾನು ಹೇಳಿರಲಿಲ್ಲ.

ಟ್ಯಾಂಕಿಗೆ ಎರಡು ದಿನ ಯಂತ್ರದಿಂದ ಗಾಳಿ ಊದಿಸಿದೆವು. ಆಮ್ಲಜನಕ ಅಳೆಯುವ ಮೀಟರ್ ಇಟ್ಟು ಸಾಕಷ್ಟಿದೆ ಎಂದು ಖಚಿತವಾದ ಮೇಲೆಯೇ ಪೇಂಟರ್ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಹೊರಗೆ ಇಬ್ಬರು ಕಾದರು.

ಅಣ್ಣಂದಿರೇ, ಅಕ್ಕಂದಿರೇ, ಮುಚ್ಚಿಟ್ಟ ಟ್ಯಾಂಕಿಗೆ ಗಾಳಿ ಊದಿಸದೆ, ಮೀಟರಿನಲ್ಲಿ ಪರೀಕ್ಷಿಸದೆ ಇಳಿಯಬೇಡಿ. ಕಡ್ಡಿ ಗೀರುವ ಪರೀಕ್ಷೆ ಸೀಸೆಗೆ ಮಾತ್ರ, ಟ್ಯಾಂಕಿಗಲ್ಲ; ಒಳಗೆ ಉರಿಯುವ ಅನಿಲವಿದ್ದರೆ ಸಿಡಿಯುತ್ತದೆ. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯದೆ ಅಗ್ನಿಶಾಮಕದವರನ್ನು ಕರೆಯಿರಿ. ನನ್ನಂತೆ ಪಾಠ ಹೇಳುವವರೇ, ರಾಸಾಯನಿಕ ಕ್ರಿಯೆ ಕಲಿಸಿದ ದಿನ ಮಕ್ಕಳನ್ನು ಕೇಳಿ: ಈ ಕ್ರಿಯೆ ನಡೆಯುವ ಕಡೆ ನಿಮ್ಮ ಮನೆಯವರು ಯಾರಾದರೂ ಕೆಲಸ ಮಾಡುತ್ತಾರೆಯೇ? ನಾನು ಕೇಳಿರಲಿಲ್ಲ. ನನ್ನ ಜಾಣ ಹುಡುಗ ಉತ್ತರ ಗೊತ್ತಿದ್ದೂ ಒಳಗೆ ಇಳಿದ.