ಖಾಲಿ ಆಕಾಶದ ವೃತ್ತ

ತಪ್ಪು ಒಪ್ಪಿಕೊಳ್ಳುವುದೆಂದರೆ ನನಗೆ ಆಗದು. ನಮ್ಮಮ್ಮ ಆಂಜಿನಮ್ಮನ ಪ್ರಕಾರ ಅದು ನನ್ನ ಹುಟ್ಟುಗುಣ. ಹಾಗಾಗಿ ಭಾನುವಾರ ಬೆಳಿಗ್ಗೆ ಚಿಂತಾಮಣಿಯಲ್ಲಿ ದಿಬ್ಬೂರಹಳ್ಳಿಯ ಬಸ್ಸು ಹತ್ತಿದ ಮೇಲೂ ಎರಡು ಸಲ ಇಳಿದುಬಿಡೋಣ ಅನ್ನಿಸಿತು. ಏಳು ವರ್ಷದಿಂದ ಮಾತು ಬಿಟ್ಟಿದ್ದ ವೇಣುಗೋಪಾಲನಿಗೆ ನೀನು ಹೇಳಿದ್ದೇ ಸರಿ ಎಂದು ಹೇಳಬೇಕಿತ್ತು. ಮತ್ತೆ ನನ್ನ ಜೊತೆ ಕೆಲಸಕ್ಕೆ ಬಾ ಎಂದು ಕೇಳಬೇಕಿತ್ತು. ಎರಡನೆಯದೇ ಹೆಚ್ಚು ಕಷ್ಟ.

ವೇಣು ಮತ್ತು ನಾನು ಒಬ್ಬರೇ ಗೈಡ್ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವರು. ನಮ್ಮ ಪಾಲಿಗೆ ಬಂದದ್ದು ಡಿಕ್ಕಿ ಹೊಡೆದು ಒಂದಾಗುತ್ತಿರುವ ಎರಡು ಗ್ಯಾಲಕ್ಸಿಗಳು. ಒಂದೊಂದರ ನಡುವೆಯೂ ಒಂದೊಂದು ಕಪ್ಪುರಂಧ್ರ ಇರಬೇಕು. ಸುತ್ತಲಿನ ಅನಿಲ ಅದರತ್ತ ಬೀಳುವಾಗ ಎಕ್ಸ್‌ರೇ ಹೊಮ್ಮುತ್ತದೆ. ಬೆಳಕನ್ನು ಧೂಳು ತಡೆದರೂ ಎಕ್ಸ್‌ರೇ ತೂರಿಕೊಂಡು ಬರುತ್ತದೆ. ಉಪಗ್ರಹ ಕಳಿಸಿದ ಚಿತ್ರದಲ್ಲಿ ಒಂದು ಎದ್ದು ಕಾಣುತ್ತಿತ್ತು. ಪಕ್ಕದಲ್ಲಿ ಇನ್ನೊಂದೂ ಇದೆ ಎಂದ ವೇಣು. ಇಲ್ಲ ಎಂದೆ ನಾನು.

ಎಣಿಸುವ ಕ್ರಮ ಸುಲಭ. ನೋಡಬೇಕಾದ ಜಾಗದ ಮೇಲೆ ಒಂದು ವೃತ್ತ, ಏನೂ ಇಲ್ಲದ ಆಕಾಶದ ಮೇಲೆ ಇನ್ನೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿದದ್ದೇ ನಿಜವಾದ ಹೊಳಪು. ವೇಣು ತೋರಿಸಿದ ಜಾಗದಲ್ಲಿ ಕಳೆದಾಗ ಏನೂ ಉಳಿಯಲಿಲ್ಲ. ಮೀಟಿಂಗಿನಲ್ಲಿ ಎಲ್ಲರ ಎದುರೇ "ನಿನ್ ಆಸೆಗೆಲ್ಲ ಆಕಾಶ ಕುಣಿಯಲ್ಲ ಕಣೋ" ಅಂದೆ. ಎಲ್ಲರೂ ನಕ್ಕರು. ಆ ತಿಂಗಳೇ ಅವನು ಪಿಎಚ್‌ಡಿ ಬಿಟ್ಟು ಊರು ಸೇರಿದ. ಪೇಪರು ನನ್ನ ಹೆಸರಿನಲ್ಲಿ ಅಚ್ಚಾಯಿತು.

ಹೋದ ವಾರ ನಾನು ಪಾಠ ಮಾಡುವ ಕಾಲೇಜಿನ ಹುಡುಗಿಯರಿಗೆ ತೋರಿಸಲೆಂದು ಆ ಹಳೆಯ ಫೈಲು ತೆರೆದೆ. ಖಾಲಿ ಆಕಾಶದ ವೃತ್ತದ ಸ್ಥಾನವನ್ನು ಬೇರೊಂದು ಗ್ಯಾಲಕ್ಸಿಯ ಫೈಲಿನಿಂದ ಹಾಗೇ ನಕಲು ಮಾಡಿದ್ದೆ. ಅದು ಸರಿಯಾಗಿ ವೇಣುವಿನ ಕಪ್ಪುರಂಧ್ರದ ಮೇಲೆ ಕೂತಿತ್ತು. ಅದರಿಂದ ಅದನ್ನೇ ಕಳೆದು, ಏನೂ ಇಲ್ಲ ಎಂದು ಜಗತ್ತಿಗೆ ಸಾರಿದ್ದೆ. ವೃತ್ತ ಸರಿಸಿದೆ, ಇಪ್ಪತ್ತಮೂರು ಫೋಟಾನ್, ಅಂದರೆ ಎಕ್ಸ್‌ರೇಯ ಕಣಗಳು, ಉಳಿದವು. ಎರಡನೆಯ ಕಪ್ಪುರಂಧ್ರ ಅಲ್ಲೇ ಇತ್ತು. ಸ್ಟಾಫ್ ರೂಮಿನಲ್ಲಿ ಯಾರಿಗೆ ಹೇಳಲಿ? ಈ ಇಪ್ಪತ್ತಮೂರು ಎಂದರೆ ಏನೆಂದು ತಿಳಿದವನು ಒಬ್ಬನೇ ಇದ್ದ.

ದಿಬ್ಬೂರಹಳ್ಳಿಯಲ್ಲಿ ವೇಣುವಿನ ಹೆಂಡತಿ ಶೈಲಜಾ ನನ್ನನ್ನು ರೇಷ್ಮೆ ಸಾಕುವ ಹುಳುಮನೆಯ ಬಾಗಿಲಲ್ಲೇ ತಡೆದಳು.

"ಒಳಗ್ ಬರ್ಬೇಡಿ ಅಕ್ಕ. ಹುಳ ಹಣ್ಣಾಗವೆ."

ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಒಳಗಿನವರು ಕೈಕೆಲಸ ಬಿಡುವಂತೆಯೂ ಇಲ್ಲ. ವೇಣು ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಗೆ ಬಿಡುತ್ತಿದ್ದ. ಕಿಟಕಿಯ ಬಲೆಯಾಚೆ ನಿಂತು ಎಲ್ಲ ಹೇಳಿದೆ. ಅವನು ತಲೆ ಎತ್ತಲಿಲ್ಲ.

"ಎಷ್ಟು ಉಳೀತು?"

"ಇಪ್ಪತ್ಮೂರು."

"ನಂಗೆ ಇಪ್ಪತ್ತೊಂದು ಬಂದಿತ್ತು."

ಬಲೆಗೆ ಇನ್ನಷ್ಟು ಹತ್ತಿರ ಸರಿದೆ. "ನಾನ್ ಸರ್ಕಲ್ ತಪ್ಪಾಗಿ ಹಾಕಿರೋದು ನಿಂಗೆ ಗೊತ್ತಿತ್ತಾ?"

"ಆವತ್ತೇ ಗೊತ್ತಿತ್ತು. ಅಷ್ಟು ಜನದ ಮುಂದೆ ಹೇಳಿದ್ರೆ ನಿನ್ ಮಾನ ಹೋಗ್ತಿತ್ತು. ಆಮೇಲಾದ್ರೂ ರೂಮಿಗ್ ಬಂದು, ಏನ್ ನೋಡ್ದೆ ಅಂತ ಕೇಳ್ತೀಯ ಅಂದ್ಕೊಂಡೆ. ಹದ್ನೈದು ದಿನ ಕಾದೆ ಕಣೇ."

ಆ ಹದಿನೈದು ದಿನವೂ ಅವನ ರೂಮಿನ ಮುಂದೆಯೇ ಓಡಾಡಿದ್ದೆ, ಗೆದ್ದವಳ ಹಾಗೆ.

"ಈಗ ಕೇಳ್ತಿದೀನಿ," ಎಂದೆ. "ಬಾ ವೇಣು. ಇಬ್ರೂ ಸೇರಿ ತಿದ್ದಿ ಬರೆಯಣ."

"ನೀನೇ ಬರಿ. ನನ್ ಹೆಸರು ಹಾಕಿದ್ರೂ ಹಾಕು, ಬೇಡ ಅನ್ನಲ್ಲ. ಆದ್ರೆ ಅದನ್ನ ನೋಡೋ ಆಸೆ ಹೋಗ್ಬಿಟ್ಟಿದೆ."

ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಎಳೆದುಕೊಂಡು ಬರುತ್ತಿದ್ದೆ. ಏಳು ವರ್ಷ, ಎಲ್ಲೋ ಒಬ್ಬ ನನ್ನ ಮೇಲೆ ಸಿಟ್ಟು ಇಟ್ಟುಕೊಂಡಿದ್ದಾನೆ ಎಂದು ನಂಬಿಕೊಂಡೇ ಬದುಕಿದ್ದೆ. ನನ್ನ ಒಂಟಿತನಕ್ಕೆ ಅದೊಂದು ಜೊತೆಯಾಗಿತ್ತು. ಅದೂ ಇಲ್ಲ ಎಂದು ತಿಳಿದಾಗ ಅಳು ಬಂತು.

ಅವನು ಮೊದಲ ಸಲ ತಲೆ ಎತ್ತಿ ನೋಡಿದ.

"ಸ್ವಲ್ಪ ಪಕ್ಕಕ್ ಸರ್ಕೋ ತನುಜಾ," ಎಂದ, ಮೆತ್ತಗೆ. "ಬೆಳಕಿಗೆ ಅಡ್ಡ ನಿಂತಿದೀಯ. ಹುಳ ಕಾಣ್ತಿಲ್ಲ."

ನಾನು ಸರಿದು ನಿಂತೆ.