ಪ್ರಳಯದ ನಂತರ ಪ್ರೇಮ ಬರೆದವಳು

ಝಾನ್ ಯೂಯಿನ್‌ಳ ಕಣ್ಣಿಗೆ ಒಂದು ವಿಚಿತ್ರ ಚಟವಿತ್ತು: ನಿಂತಿರುವ ಯಾವ ಕಟ್ಟಡವನ್ನು ಕಂಡರೂ ಅದು ಬಿದ್ದ ಮೇಲೆ ಹೇಗಿರುತ್ತದೆ ಎಂದೇ ಅವಳು ನೋಡುತ್ತಿದ್ದಳು, ನೋಡಿ ತೃಪ್ತಿಯಾದ ಮೇಲೆ ಆ ಅವಶೇಷಗಳ ನಡುವೆ ಒಬ್ಬ ಹುಡುಗನನ್ನೂ ಒಬ್ಬ ಹುಡುಗಿಯನ್ನೂ ತಂದು ನಿಲ್ಲಿಸಿ ಪ್ರೀತಿಗೆ ಹಚ್ಚುತ್ತಿದ್ದಳು. ತೈಚುಂಗ್ ನಗರದಿಂದ ಬೆಟ್ಟದ ದಾರಿ ಹಿಡಿದು ಬಂದರೆ ಸಿಗುವ ನಮ್ಮ ಪುಟ್ಟ ಊರಿನ ರೈತಸಂಘದ ಕಟ್ಟಡ, ಮಾಜು ದೇವಿಯ ಗುಡಿಯ ಕಮಾನು, ಅಕ್ಕಿಶಾವಿಗೆಯ ಕಾರ್ಖಾನೆ, ಎಲ್ಲವೂ ಅವಳ ಕಾದಂಬರಿಗಳಲ್ಲಿ ಒಂದಲ್ಲ ಒಂದು ಸಲ ನೆಲಸಮವಾಗಿದ್ದವು. ಮೇಲಂತಸ್ತುಗಳನ್ನೇ ದಿಟ್ಟಿಸುತ್ತ ನಡೆಯುವುದರಿಂದ ಹಾದಿಯ ಕೆಸರೆಲ್ಲ ಅವಳ ಚಪ್ಪಲಿಗೇ ಮೀಸಲು. ಬೇಸಿಗೆ, ಚಳಿ ಎನ್ನದೆ ಮೈಮೇಲೆ ತಂದೆಯ ಕಾಲದ ನೀಲಿ ಕೋಟು. ಟೆಲಿಫೋನ್ ಕಂಬ ಹತ್ತಿ ತಂತಿ ಎಳೆಯುತ್ತಿದ್ದ ಆ ಅಪ್ಪನದು, ಅದರಲ್ಲಿ ಬಟ್ಟೆಗಿಂತ ಜೇಬುಗಳೇ ಹೆಚ್ಚು. ಮಾತು ಶುರುವಾಗುತ್ತಿದ್ದದ್ದೇ "ಎಲ್ಲ ಮುಗಿದ ಮೇಲೆ" ಎಂಬ ಪಲ್ಲವಿಯಿಂದ.

"ಎಲ್ಲ ಮುಗಿದ ಮೇಲೆ ಇಂಥ ಸಾರು ಸಿಗಲ್ಲ, ಇನ್ನೊಂದು ಬಟ್ಟಲು ಹಾಕಪ್ಪ," ಎಂದು ಅವಳು ಕೇಳಿದರೆ ಶಾವಿಗೆ ಅಂಗಡಿಯ ಆಗೆನ್ ಸೌಟು ಎತ್ತಿ ಹೇಳುತ್ತಿದ್ದ: "ಮೊದಲು ಬಟ್ಟಲಲ್ಲಿರೋದನ್ನ ಮುಗಿಸಮ್ಮ, ಲೋಕಾನ ಆಮೇಲೆ ಮುಗಿಸುವಿಯಂತೆ."

ಅದು ಓಣಿಗೊಂದು ಬಾಡಿಗೆ ಪುಸ್ತಕದ ಅಂಗಡಿ ಇದ್ದ ಕಾಲ. ಶಾಲೆ ಬಿಟ್ಟ ಹುಡುಗಿಯರು, ಹೊಲಿಗೆಯವರು, ಕೂದಲು ಸುರುಳಿ ಮಾಡುವ ಪಾರ್ಲರಿನ ಹೆಂಗಸರು, ಎಲ್ಲರೂ ಅಂಗೈಯಗಲದ ಪ್ರೇಮಕಾದಂಬರಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದ ಸಂಜೆಗಳು ಅವು. ನಮ್ಮ ಓಣಿಯ ಅಂಗಡಿ ಕೋ ಬಾವ್‌ಜು ಮತ್ತು ಅವಳ ಗಂಡ ಜಿನ್‌ಚಾಯ್ ಅವರದು. ಯೂಯಿನ್‌ಳ ಪುಸ್ತಕಗಳನ್ನು ಎಲ್ಲಿ ಜೋಡಿಸಬೇಕೆಂಬುದೇ ಬಾವ್‌ಜುವಿಗೆ ದೊಡ್ಡ ತಲೆನೋವು. ಮುಖಪುಟದ ಮೇಲೆ ಎಲ್ಲ ಪ್ರೇಮಕಾದಂಬರಿಗಳಂತೆಯೇ ಗಾಳಿಗೆ ಕೂದಲು ಹಾರಿಸಿಕೊಂಡ ಒಬ್ಬ ಸುಂದರಿ. ಒಳಗೆ ತೆರೆದರೆ ಮೊದಲ ಪುಟದಲ್ಲೇ ಸಮುದ್ರ ರಾಜಧಾನಿ ತೈಪೆಯನ್ನು ನುಂಗಿರುತ್ತಿತ್ತು. ಮೊದಲ ಅಧ್ಯಾಯದಲ್ಲಿ ಇಬ್ಬರೂ ಭೇಟಿಯಾಗಬೇಕು, ಕೊನೆಯಲ್ಲಿ ಮದುವೆಯಾಗಬೇಕು, ನಡುವೆ ಏನಾದರೂ ಬರೆದುಕೊ ಎಂಬುದು ತೈಪೆಯ ಸಂಪಾದಕನ ಕಟ್ಟಳೆ. ಆ 'ನಡುವೆ'ಯೊಳಗೇ ಯೂಯಿನ್ ಇಡೀ ಲೋಕದ ಅಂತ್ಯವನ್ನು ತುರುಕಿದ್ದಳು.

"ಪ್ರೀತಿ ಅಂತ ತಗೊಂಡು ಹೋದ್ರೆ ಬರೀ ಬೂದಿ ಕಣೇ ಬಾವ್‌ಜು!" ಎಂದು ಪಾರ್ಲರಿನ ಸ್ಯೂಲಾನ್ ಪುಸ್ತಕವನ್ನು ಮೇಜಿನ ಮೇಲೆ ಒಗೆಯುತ್ತಿದ್ದಳು. ಬಾಗಿಲವರೆಗೆ ಹೋಗಿ ತಿರುಗಿ, "ಎರಡನೇ ಭಾಗ ಬಂದಿದ್ಯಾ?" ಎನ್ನುತ್ತಿದ್ದಳು.

ಅವಳ ಪ್ರೇಮಿಗಳಿಗೆ ಹೂವಿಲ್ಲ, ಬೆಳದಿಂಗಳಿಲ್ಲ. ಬೇಯಿಸಿದ ಒಂದು ಮೊಟ್ಟೆಯನ್ನು ದಾರದಿಂದ ಎರಡು ಭಾಗ ಮಾಡಿ ದೊಡ್ಡ ಹೋಳನ್ನು ಅವಳ ಕಡೆ ತಳ್ಳುವುದೇ ಅಲ್ಲಿ ಶೃಂಗಾರದ ಪರಾಕಾಷ್ಠೆ. ಒಮ್ಮೆ ಬಾವ್‌ಜು, "ಒಂದೇ ಒಂದು ಸಲ ಆ ಹುಡುಗನ ಬಾಯಲ್ಲಿ ಪ್ರೀತಿಸ್ತೀನಿ ಅಂತ ಅನ್ನಿಸಬಾರದಾ?" ಎಂದು ಗದರಿದಾಗ ಯೂಯಿನ್ ಕೋಟಿನ ಜೇಬಿನಿಂದ ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡು ಹೇಳಿದ್ದು ಇಷ್ಟು: "ಊಟ ಆಯ್ತಾ ಅಂತ ಕೇಳ್ತಾನಲ್ಲಕ್ಕ. ಅನ್ನವೇ ಇಲ್ಲದ ಕಾಲದಲ್ಲಿ ಹಾಗೆ ಕೇಳೋಕೆ ಎಂಥಾ ಗುಂಡಿಗೆ ಬೇಕು!"

ತನ್ನ ಪುಸ್ತಕಗಳನ್ನು ತಾನೇ ಬಾಡಿಗೆಗೆ ಒಯ್ಯುವ ಹಟವೊಂದಿತ್ತು ಅವಳಿಗೆ. ಓದುಗರು ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ್ದನ್ನು ಓದಲು. "ಇವಳಿಗೆ ಆ ಡಾಕ್ಟರೇ ಸರಿ" ಎಂದು ಒಬ್ಬಳು ಬರೆದಿದ್ದರೆ, ಅದರ ಕೆಳಗೆ ಇನ್ನೊಬ್ಬಳು "ನಿನ್ನ ತಲೆ!" ಎಂದು ಬರೆದಿರುತ್ತಿದ್ದಳು. ಬಾವ್‌ಜು ರಬ್ಬರ್ ಹಿಡಿದರೆ ಯೂಯಿನ್ ಅವಳ ಕೈ ಹಿಡಿದುಬಿಡುತ್ತಿದ್ದಳು.

ದೋಣಿ ನಡೆಸುವ ಹುಡುಗನೂ ಬೀಜ ಕಾಯುವ ಹುಡುಗಿಯೂ ಬರುವ ಮೂರು ಸಂಪುಟಗಳ ಕಾದಂಬರಿಯ ವಿಷಯದಲ್ಲಿ ಮಾತ್ರ ಜಗಳ ನಿಜವಾದ ಜಗಳವಾಯಿತು. ಎರಡನೆಯ ಸಂಪುಟದ ಕೊನೆಗೆ ಸೇತುವೆ ಕುಸಿದು ಇಬ್ಬರೂ ಅಗಲಿದ್ದರು. ಮೂರನೆಯದರಲ್ಲಿ ಅವರನ್ನು ಸೇರಿಸುವುದಿಲ್ಲವೆಂದು ಯೂಯಿನ್ ಪಟ್ಟು ಹಿಡಿದಳು. ಸಂಪಾದಕ ಫೋನಿನಲ್ಲಿ ಕೂಗಾಡಿದ. ಅವನಿಗಿಂತ ಹೆಚ್ಚು ಕೂಗಾಡಿದವಳು ಬಾವ್‌ಜು.

"ಲೋಕ ಮುಳುಗಿದ ಮೇಲೂ ಎಲ್ಲರಿಗೂ ಎಲ್ಲರೂ ಸಿಕ್ಕಿಬಿಟ್ರೆ, ಮುಳುಗಿದ್ದೇ ಸುಳ್ಳಾಗುತ್ತಲ್ವಾ ಅಕ್ಕ?"

"ಸುಳ್ಳಾದ್ರೆ ಆಗ್ಲಿ. ಅವರನ್ನ ಸೇರಿಸದೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ!"

ಒಳಗೆ ಹರಿದ ಪುಟಗಳಿಗೆ ಅಂಟು ಹಚ್ಚುತ್ತಿದ್ದ ಜಿನ್‌ಚಾಯ್ ಇಬ್ಬರಿಗೂ ಚಹಾ ತಂದಿಟ್ಟು, ಯಾರ ಪಕ್ಷವನ್ನೂ ವಹಿಸದೆ, ಮತ್ತೆ ಅಂಟಿನ ಕಡೆ ಹೋದ.

ಆ ವರ್ಷ ಚಂದ್ರೋತ್ಸವಕ್ಕೆಂದು ಮನೆಮನೆಯಲ್ಲೂ ಚಕ್ಕೋತ ಹಣ್ಣಿನ ರಾಶಿ ಬಿದ್ದಿದ್ದಾಗ ಭೂಮಿ ನಡುಗಿತು. ರೈತಸಂಘದ ಕಟ್ಟಡ ಬಿತ್ತು, ಗುಡಿಯ ಕಮಾನು ಬಿತ್ತು, ಯೂಯಿನ್‌ಳ ಮನೆ ಬಿತ್ತು. ಬಾಡಿಗೆ ಅಂಗಡಿಯ ಹಿಂಗೋಡೆ ಕುಸಿದು ಜಿನ್‌ಚಾಯ್ ತೀರಿಹೋದ.

ಶಾಲೆಯ ಮೈದಾನದ ಡೇರೆಗಳಲ್ಲಿ ನಾವೆಲ್ಲ ಸಂಸಾರ ಹೂಡಿದೆವು. ಯಾರೋ ಮಣ್ಣಿನಿಂದ ಎತ್ತಿದ ಪುಸ್ತಕಗಳನ್ನು ಒಂದು ಹಲಗೆಯ ಮೇಲೆ ಒಣಹಾಕಿದರು; ಬೇಕಾದವರು ಒಯ್ದರು. ಯೂಯಿನ್‌ಳ ಕೋಟಿನ ಜೇಬುಗಳಲ್ಲಿ ಈಗ ಮೋಂಬತ್ತಿ, ಮಾತ್ರೆ, ಯಾರದೋ ಮಗುವಿನ ಕಾಲುಚೀಲ. ಅವಳು ತಲೆ ತಗ್ಗಿಸಿ ನಡೆಯುತ್ತಿದ್ದಳು. "ಎಲ್ಲ ಮುಗಿದ ಮೇಲೆ" ಎಂಬ ಆ ಪಲ್ಲವಿಯನ್ನು ಅವಳ ಬಾಯಲ್ಲಿ ಮತ್ತೆ ಯಾರೂ ಕೇಳಲಿಲ್ಲ.

"ಒಂದೇ ಸಾಲಲ್ಲಿ ಒಂದು ಊರನ್ನ ಬೀಳಿಸ್ತಿದ್ದೆ ಅಕ್ಕ," ಎಂದಳು ಬಾವ್‌ಜುವಿನ ಪಕ್ಕ ಕೂತು. "ಧೂಳು ಹೀಗೆ ಗಂಟಲಲ್ಲೇ ಕೂತುಬಿಡುತ್ತೆ ಅಂತ ಗೊತ್ತಿರಲಿಲ್ಲ. ಇನ್ನು ಬರೆಯಲ್ಲ."

ಆದರೆ ಗಂಜಿಯ ಸರತಿಯಲ್ಲಿ ನಿಂತ ಹೆಂಗಸರು ಬಿಡಬೇಕಲ್ಲ. "ಆ ದೋಣಿ ಹುಡುಗನ ಗತಿ ಏನಮ್ಮ? ನಮ್ಮ ಮನೆಗಳಂತೂ ಬಿದ್ವು, ಅವರ ಮನೆಯಾದ್ರೂ ಎದ್ದು ನಿಲ್ಲಲಿ," ಎಂದು ಸ್ಯೂಲಾನ್ ದಿನಾ ಪೀಡಿಸುತ್ತಿದ್ದಳು. ಅಂಥ ಒಂದು ಮಧ್ಯಾಹ್ನ ಬಾವ್‌ಜು ಸರತಿ ಬಿಟ್ಟು ಬಂದು ಯೂಯಿನ್‌ಳ ಕೋಟಿನ ತೋಳು ಹಿಡಿದಳು.

"ಸೇರಿಸಬೇಡ ಯೂಯಿನ್. ನೀನು ಹೇಳ್ತಿದ್ದದ್ದೇ ಸರಿ. ಹೋದವರು ಬರಲ್ಲ. ಅವನು ವಾಪಸ್ ಬಂದ ಅಂತ ಬರೆದ್ರೆ ಆ ಪುಸ್ತಕಾನ ನಾನು ತೆರೆಯೋದೂ ಇಲ್ಲ."

ತನ್ನ ವಾದವೇ ಇನ್ನೊಬ್ಬರ ಬಾಯಿಂದ ಬಂದಾಗ ಯೂಯಿನ್‌ಗೆ ಹೌದೆನ್ನಲು ಆಗಲಿಲ್ಲ. ಅಂದಿನಿಂದ ಅವಳು ಶಾಲೆಯ ಜಗುಲಿಯಲ್ಲಿ ಕೂತು ಮತ್ತೆ ಬರೆಯತೊಡಗಿದಳು.

ನಾವು ಸಾಲು ತಗಡಿನ ಮನೆಗಳಿಗೆ ಬಂದ ಮೇಲೆ, ಚಳಿಗಾಲ ಕಳೆಯುವ ಹೊತ್ತಿಗೆ, ಮೂರನೆಯ ಸಂಪುಟ ಬಂತು. ಅದರಲ್ಲಿ ಅವರಿಬ್ಬರೂ ಸೇರಿದ್ದರು. ಸಂಪಾದಕ ಹಿಗ್ಗಿದ. ತಗಡಿನ ಮನೆಯೊಂದರಲ್ಲಿ ಮತ್ತೆ ಅಂಗಡಿ ತೆರೆದಿದ್ದ ಬಾವ್‌ಜು ಅದನ್ನು ಕೇಳಿದವರಿಗೆ ಮುಖ ತಿರುಗಿಸಿಕೊಂಡು ಕೊಡುತ್ತಿದ್ದಳು. ಆಡಿದ ಮಾತಿನಂತೆ ಒಂದು ಪುಟವನ್ನೂ ತೆರೆಯಲಿಲ್ಲ. ಯೂಯಿನ್ ಅಂಗಡಿಯ ಕಡೆ ಬರುವುದನ್ನೇ ಬಿಟ್ಟಳು.

ಕೊನೆಗೆ ಪುಸ್ತಕ ತೆರೆಸಿದ್ದು ಸ್ಯೂಲಾನ್‌ಳ ದೂರು. "ಬರೆದವಳಿಗೆ ಮರೆವು ಬಂದಿದೆ ಕಣೇ! ಮೊದಲೆರಡು ಪುಸ್ತಕದಲ್ಲಿ ಆ ಹುಡುಗ ಬೆಕ್ಕಿನ ಹಾಗೆ ಸದ್ದಿಲ್ಲದೆ ಬರೋನು. ಇದರಲ್ಲಿ ನೋಡು, ಯಾವ ಬಾಗಿಲಿಗೆ ಬಂದ್ರೂ ಹೊರಗೆ ನಿಂತು ಎರಡು ಸಲ ಕೆಮ್ಮಿ ಆಮೇಲೆ ಒಳಗೆ ಬರ್ತಾನೆ."

ಬಾವ್‌ಜು ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡಳು. ಹಾಗೆ ಕೆಮ್ಮುತ್ತಿದ್ದವನು ಜಿನ್‌ಚಾಯ್. ಅಂಗಡಿಯೊಳಗೆ ಪ್ರೇಮಕಥೆ ಓದಿ ಅಳುತ್ತ ಕೂತ ಹುಡುಗಿಯರಿಗೆ ಕಣ್ಣೊರೆಸಿಕೊಳ್ಳಲು ಸಮಯ ಸಿಗಲಿ ಎಂದು, ತನ್ನ ಸ್ವಂತ ಅಂಗಡಿಯ ಪರದೆ ಸರಿಸುವ ಮುನ್ನ ಎರಡು ಸಲ ಕೆಮ್ಮುತ್ತಿದ್ದ. ಬಾವ್‌ಜು ನಿಂತಲ್ಲೇ ನಿಂತು ಓದಿದಳು. ಸ್ಯೂಲಾನ್ ಯಾವಾಗ ಹೋದಳೆಂಬುದು ಅವಳ ಗಮನಕ್ಕೇ ಬರಲಿಲ್ಲ.

ಮರುದಿನ ಅವಳೇ ಹೇಳಿಕಳಿಸಿದಾಗ ಯೂಯಿನ್ ಬಂದು ಬಾಗಿಲಲ್ಲಿ ನಿಂತಳು.

"ಇದು ಸುಳ್ಳು ಕಣೇ," ಎಂದಳು ಬಾವ್‌ಜು.

"ಹೌದಕ್ಕ. ಸುಳ್ಳು."

ಬಾವ್‌ಜು ಪುಸ್ತಕವನ್ನು ಎದೆಗೆ ಒತ್ತಿಕೊಂಡೇ ಇದ್ದಳು. "ಬರೆಯೋದು ಬರೆದೆ, ಕೆಮ್ಮೋಕೆ ಇನ್ನೊಂದೆರಡು ಬಾಗಿಲು ಇಡೋದಕ್ಕೆ ಏನಾಗಿತ್ತು ನಿನಗೆ?" ಎಂದವಳು ಅತ್ತುಬಿಟ್ಟಳು.

ಆ ಸಂಪುಟ ಎಷ್ಟು ಸಲ ಅಚ್ಚಾದರೂ, ಅದು ತಪ್ಪೆಂದು ಓದುಗರು ಎಷ್ಟು ಬರೆದರೂ, ಯೂಯಿನ್ ಆ ಕೆಮ್ಮನ್ನು ತಿದ್ದಲಿಲ್ಲ. ಇಂಥ ಬರಹಗಾರರಿಗೆ ದೊಡ್ಡ ಸಾಹಿತ್ಯಸಭೆಗಳಲ್ಲಿ ಯಾರೂ ಕುರ್ಚಿ ಹಾಕುವುದಿಲ್ಲ. ವಿಜ್ಞಾನಕಥೆಯವರು ಇವರನ್ನು ಪ್ರೇಮದವರೆಂದು, ಪ್ರೇಮದವರು ಇವರನ್ನು ಬೂದಿಯವರೆಂದು ಹೊರಗಿಡುತ್ತಾರೆ. ಲೋಕ ಮುಗಿಯುತ್ತದೆಂದು ಹೆದರಿಸುವವರು ಎಲ್ಲ ಕಾಲದಲ್ಲೂ ಬೇಕಾದಷ್ಟು ಜನ; ಮುಗಿದ ಮರುದಿನ ಬೆಳಿಗ್ಗೆ ಯಾರಿಗೆ ಯಾರು ಬೇಕೆನಿಸುತ್ತಾರೆ ಎಂದು ಯೋಚಿಸುತ್ತ ಕೂರುವವರು ಅಪರೂಪ. ಹೋದವರನ್ನು ಇವರು ತಂದುಕೊಡಲಾರರು, ಅದು ಇವರಿಗೂ ಗೊತ್ತು. ಆದರೆ ಹೋದವರು ಬಾಗಿಲಾಚೆ ನಿಂತು ಕೆಮ್ಮಿದ್ದನ್ನು ಕೇಳಿಸಬಲ್ಲರು. ಉಳಿದವರಿಗೆ ಕೆಲವು ಸಂಜೆ ಅಷ್ಟೇ ಸಾಕಾಗುತ್ತದೆ.