ಕನ್ನಡಕದ ತಲೆ, ಪರರ ಕತ್ತರಿ, ಗುಲಾಬಿ ಕಲ್ಲು

ಗಂಡ ಬೇರೆ ಕಡೆ ಉಂಡು ಬಂದರೆ ಹೆಂಡತಿಗೆ ವಾಸನೆಯಲ್ಲೇ ಗೊತ್ತಾಗುತ್ತದಂತೆ. ಕ್ಷೌರಿಕನಿಗೆ ಅಷ್ಟು ಹತ್ತಿರ ಹೋಗುವ ಅಗತ್ಯವೂ ಬೀಳಲಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಡೆದು ಹೋಗುತ್ತಿದ್ದ ಗೆಳೆಯನ ಕತ್ತು ಕಂಡಿತು, ಕೈಯಲ್ಲಿದ್ದ ಕತ್ತರಿ ಜಾರಿ ನೆಲಕ್ಕೆ ಬಿತ್ತು.

ಆ ಗೆಳೆಯ ಪಕ್ಕದ ಬೀದಿಯ ಕನ್ನಡಕದಂಗಡಿಯವನು. ಹೆಂಡತಿ ಸಮೇತ ಎಲ್ಲರೂ ಅವನನ್ನು ಕರೆಯುವುದು 'ಕನ್ನಡಕ' ಅಂತಲೇ. ಇಪ್ಪತ್ತೆರಡು ವರ್ಷದಿಂದ, ತಿಂಗಳ ಎರಡನೇ ಮಂಗಳವಾರ, ಆ ತಲೆ ಕ್ಷೌರಿಕನ ಸ್ವಂತ ಆಸ್ತಿ. ಕತ್ತಿನ ಹಿಂದೆ ಅರ್ಧಚಂದ್ರದಂತೆ ಮುಗಿಸುವುದು ಅವನ ಕೈಯ ರುಜು. ಇವತ್ತು ಅಲ್ಲಿ ಸ್ಕೇಲಿಟ್ಟು ಎಳೆದ ಹಾಗೆ ನೇರ ಗೆರೆ. ಅಂದರೆ ಬಸ್ ನಿಲ್ದಾಣದ ಎದುರಿನ ಹೊಸ ಎಸಿ ಸೆಲೂನು.

"ಯಾರಾದ್ರೂ ಹೋಗ್ಬಿಟ್ರಾ?" ಅಂದರು ಕುರ್ಚಿಯಲ್ಲಿ ಅರ್ಧ ತಲೆ ಮುಗಿದು ಕೂತಿದ್ದ ನಿವೃತ್ತ ಮೇಷ್ಟ್ರು.

"ಹೋಗಿದ್ರೆ ಎಷ್ಟೋ ವಾಸಿಯಿತ್ತು ಮೇಷ್ಟ್ರೆ. ಮೊನ್ನೆ ಮಂಗಳವಾರ ಒಂದು ದಿನ, ಒಂದೇ ದಿನ, ಹಲ್ಲು ಕೀಳಿಸೋಕೆ ಅಂತ ಅಂಗಡಿ ಮುಚ್ಚಿದ್ದೆ. ಅಷ್ಟಕ್ಕೇ ಕಂಡೋರ ಕತ್ತರಿಗೆ ತಲೆ ಕೊಟ್ಟಿದ್ದಾನೆ."

ಅವತ್ತಿನಿಂದ ಕೈ ನಡುಗತೊಡಗಿತು. ಒಬ್ಬರ ಮೀಸೆ ಎಡಗಡೆ ಹತ್ತು ಗಂಟೆ ತೋರಿಸಿದರೆ ಬಲಗಡೆ ಐದೂವರೆ ತೋರಿಸಿತು. ಹೀಗೇ ಆದರೆ ಅಂಗಡಿಗೆ ಬೀಗವೇ ಗತಿ ಎಂದು ಅವನ ಅಕ್ಕ ಓಡಿ ಬಂದಳು. ಅಂಗೈಯಲ್ಲೊಂದು ಗುಲಾಬಿ ಬಣ್ಣದ ಸ್ಫಟಿಕ.

"ನಂಬಿಕೆದ್ರೋಹಕ್ಕೆ ಇದೇ ಮದ್ದು ಕಣೋ. ನನ್ನ ನಾದಿನಿ ಮಾತು ಬಿಟ್ಟಾಗ ನಂಗೆ ಇದರಿಂದಲೇ ವಾಸಿಯಾಗಿದ್ದು."

"ನಾದಿನಿ ಮತ್ತೆ ಮಾತಾಡಿದ್ಲಾ?"

"ಇಲ್ವಲ್ಲ. ಅದಕ್ಕೇ ಅಲ್ವಾ ವಾಸಿಯಾಗಿದ್ದು!"

ಅಕ್ಕ ಜೊತೆಗೇ ಕರೆತಂದಿದ್ದ ಕಲ್ಲು ಮಾರುವಾಕೆ ಮೊದಲು ಬಚ್ಚಲುಮನೆಯ ಟೈಲ್ಸ್ ಮಾರುತ್ತಿದ್ದವಳು. ಹಳೇ ಅಭ್ಯಾಸ ಬಿಡದೆ, "ನಿಮ್ಮ ದುಃಖ ಎಷ್ಟು ಚದರಡಿ?" ಎಂದು ವಿಚಾರಿಸಿಕೊಂಡು ವಿಧಾನ ಹೇಳಿಕೊಟ್ಟಳು. ಮೋಸವಾದ ಜಾಗದಲ್ಲೇ ಅಂಗಾತ ಮಲಗಬೇಕು, ಎದೆಯ ಮೇಲೆ ಕಲ್ಲಿಟ್ಟುಕೊಳ್ಳಬೇಕು, ನಡೆದದ್ದನ್ನೆಲ್ಲ ಕಲ್ಲಿಗೆ ಒಪ್ಪಿಸಬೇಕು.

ಮೋಸವಾದ ಜಾಗವೆಂದರೆ ಕಟಿಂಗ್ ಕುರ್ಚಿ. ಕ್ಷೌರಿಕ ಅದರ ಬೆನ್ನು ಬಗ್ಗಿಸಿ ಮಲಗಿ ದುಃಖ ತೋಡಿಕೊಂಡ. ಕುರ್ಚಿ ಸುಸ್ಸ್ ಎಂದು ನಾಲ್ಕು ಇಂಚು ಕೆಳಗಿಳಿಯಿತು.

"ದುಃಖ ಕಲ್ಲಿಗಿಳೀತು. ಅದರ ಭಾರ ನೋಡಿ," ಎಂದಳು ಕಲ್ಲಿನಾಕೆ.

"ಕುರ್ಚಿ ಪಂಪಿನ ವಾಷರ್ ಹೋಗಿದೆ ಕಣಮ್ಮ," ಎಂದರು ಮೇಷ್ಟ್ರು. ಆದರೆ ಪರೀಕ್ಷಿಸದೆ ಯಾವುದನ್ನೂ ತಳ್ಳಿಹಾಕುವವರಲ್ಲ ಅವರು. ತಾವೂ ಮಲಗಿ, ಮೂವತ್ತು ವರ್ಷದ ಹಿಂದೆ ಹೆಡ್ಮಾಸ್ಟರ್ ಪಟ್ಟವನ್ನು ಡ್ರಿಲ್ ಮೇಷ್ಟ್ರು ಹೊಡೆದುಕೊಂಡ ಕತೆಯನ್ನು ಕಲ್ಲಿಗೆ ಹೇಳಿದರು. ಕುರ್ಚಿ ಆರು ಇಂಚು ಇಳಿಯಿತು. ಮೇಷ್ಟ್ರು ಕಣ್ಣೊರೆಸಿಕೊಂಡು, "ವಾಷರ್ ಅಲ್ಲ," ಎಂದು ಒಪ್ಪಿಕೊಂಡರು.

ಸುದ್ದಿಗೆ ಕಾಲು ಬಂತು. ಬೆಂಚಿನ ಮೇಲೆ ಜನ, ಮೆಟ್ಟಿಲ ಮೇಲೆ ಜನ, ಎಲ್ಲರೂ ಅಳುವುದಕ್ಕೆ ಬಂದವರೇ. ಕೂದಲು ಯಾರಿಗೂ ನೆನಪಿಲ್ಲ. ಮೂರು ವಾರ ಕಳೆಯುವುದರಲ್ಲಿ ಬಡಾವಣೆಯ ಮನಸ್ಸೆಲ್ಲ ಹಗುರಾಗಿ, ತಲೆಯೆಲ್ಲ ಕರಡಿಯಾಗಿ, ಕುರ್ಚಿಯ ಹೊಟ್ಟೆ ನೆಲಕ್ಕೆ ತಾಗಿತು. ಕ್ಷೌರಿಕನ ಕೈ ಮಾತ್ರ ನಡುಗುತ್ತಲೇ ಇತ್ತು. ದಿನಕ್ಕೆ ಎರಡು ಸಲ ಮಲಗಿದರೂ ಅಷ್ಟೇ. ಚಹಾದಲ್ಲಿ ಅರ್ಧ ಬಾಯಿಗೆ, ಅರ್ಧ ಅಂಗಿಗೆ.

ಮುಂದಿನ ತಿಂಗಳ ಎರಡನೇ ಮಂಗಳವಾರ ಬಂತು. ಸಾಲಿನ ಕೊನೆಗೆ ಟೋಪಿ ಹಾಕಿಕೊಂಡು ಕನ್ನಡಕವೂ ಬಂದು ನಿಂತ.

"ಏನಪ್ಪ, ಎಸಿ ಕೆಟ್ಟುಹೋಯ್ತಾ?" ಅಂದ ಕ್ಷೌರಿಕ.

"ನಂಗೆ ಕುರ್ಚಿ ಬೇಕು." ಕನ್ನಡಕ ಜೇಬಿನಿಂದ ತನ್ನದೇ ಒಂದು ಗುಲಾಬಿ ಕಲ್ಲು ತೆಗೆದ. "ಮೋಸ ಆದ ಜಾಗದಲ್ಲೇ ಮಲಗ್ಬೇಕಂತೆ."

"ಮೋಸ? ನಿಂಗೆ? ಕಳ್ಳನೇ ಕೂಗ್ಕೊಂಡ ಹಾಗಾಯ್ತು!"

ಕನ್ನಡಕ ಟೋಪಿ ತೆಗೆದು ಬೆನ್ನು ತಿರುಗಿಸಿದ. ನೆತ್ತಿಯ ಹಿಂದೆ ಸಾಸರಿನಗಲ ಬೋಳು, ಫಳಫಳ ಹೊಳೆಯುತ್ತಿತ್ತು.

"ಎಸಿಯವನು ಹಿಂದೆ ಕನ್ನಡಿ ಹಿಡಿದ. ಯಾರದೋ ತಲೆ ಅಂದ್ಕೊಂಡು ನಕ್ಕೆ ಕಣೋ! ನೀನೂ ಪ್ರತಿ ತಿಂಗಳು ಹಿಡೀತಿದ್ದೆ. ನಂಗೆ ಕಂಡಿದ್ದೆಲ್ಲ ಬರೀ ಕತ್ತು, ಕಿವಿ, ಒಂದೊಂದ್ಸಲ ನಿನ್ನ ಕ್ಯಾಲೆಂಡರು. ಎಷ್ಟು ವರ್ಷದಿಂದ ಮಣಿಕಟ್ಟು ತಿರುಗಿಸ್ತಿದ್ದೀಯ?"

ಅಳುತ್ತಿದ್ದವರೂ ಅಳು ನಿಲ್ಲಿಸಿದರು.

"ಐದು," ಅಂದ ಕ್ಷೌರಿಕ, ನೆಲ ನೋಡುತ್ತ. "ನೊಂದ್ಕೋತೀಯ ಅಂತ."

"ಊರಿಗೆಲ್ಲ ಕಣ್ಣು ಕೊಡೋನು ನಾನು! ನನ್ನ ಹೆಂಡ್ತಿಗೂ ಬಾಯಿ ಮುಚ್ಚಿಸಿದ್ದೆಯಂತೆ?"

"ಅವರೇ ನಂಗೆ ಹೇಳಿದ್ದು, ಕನ್ನಡಿ ಇನ್ನೂ ಸ್ವಲ್ಪ ಕೆಳಗೆ ಹಿಡಿ ಅಂತ."

ಈಗ ಕುರ್ಚಿ ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಎದ್ದಿತು. "ಜಾಸ್ತಿ ಮೋಸ ಆದವರಿಗೆ ಮೊದಲು," ಎಂದಳು ಕಲ್ಲಿನಾಕೆ. ಇಬ್ಬರೂ ನನಗೇ ಜಾಸ್ತಿ, ನನಗೇ ಜಾಸ್ತಿ ಎಂದು ಕಾಲು ಗಂಟೆ ಕಿತ್ತಾಡಿದರು. ಕಡೆಗೆ ಕ್ಷೌರಿಕ ಗೆಳೆಯನ ಹೆಗಲು ಹಿಡಿದು ಕೂರಿಸಿ, ಕುರ್ಚಿ ನೆಲಕ್ಕಿಳಿದಿದ್ದರಿಂದ ತಾನೂ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತ.

"ಕಲ್ಲು ಇಡ್ಲಾ?"

"ಕಲ್ಲು ಬೇಡ. ಕನ್ನಡಿ ಹಿಡಿ. ನೆಟ್ಟಗೆ."

ಮೇಷ್ಟ್ರು ದೊಡ್ಡ ಕನ್ನಡಿಯನ್ನು ಗೋಡೆಯಿಂದ ಇಳಿಸಿ ಮುಂದೆ ಆನಿಸಿದರು. ಕ್ಷೌರಿಕ ಹಿಂದಿನಿಂದ ಕೈಗನ್ನಡಿ ಎತ್ತಿದ. ಅದು ಗಡಗಡ ನಡುಗಿ ಬೋಳು ಒಂದಿದ್ದದ್ದು ಆರಾಗಿ ಕಂಡಿತು.

"ಅಯ್ಯೋ, ಅಷ್ಟೊಂದಾ?"

"ಒಂದೇ ಕಣೋ, ಒಂದೇ. ತಡಿ." ಎರಡೂ ಕೈಯಲ್ಲಿ ಹಿಡಿದ.

ಕನ್ನಡಕ ಬಹಳ ಹೊತ್ತು ನೋಡಿದ. "ಶುರುವಾದಾಗ ಹೇಗಿತ್ತೋ?"

"ಅಂಗಿ ಗುಂಡಿಯಷ್ಟು. ಆ ವರ್ಷ ನಿನ್ನ ಮಗಳು ಹಾಸ್ಟೆಲ್ಗೆ ಹೋದ್ಲಲ್ಲ. ನಿಂಗೆ ಹೇಳೋ ಹಾಗೇ ಇರ್ಲಿಲ್ಲ. ಮಾರನೇ ವರ್ಷ ಬಾಟ್ಲಿ ಮುಚ್ಚಳದಷ್ಟು. ಆಮೇಲೆ ನಿಮ್ಮಪ್ಪ ಹೋದ್ರು, ಅವಾಗ ಒಂದೇಟಿಗೆ ಸಾಸರಿನಷ್ಟಾಯ್ತು. ಹೋದ ವರ್ಷ ಏನೂ ಬೆಳೀಲಿಲ್ಲ ನೋಡು, ಖುಷಿಯಾಗಿದ್ದೆ ನೀನು."

ಹೇಳುತ್ತ ಹೇಳುತ್ತ ಒಂದು ಕೈ ಕನ್ನಡಿ ಬಿಟ್ಟು ಬೋಳಿನ ಅಂಚಿನಲ್ಲಿ ಬೆರಳಾಡಿಸುತ್ತಿತ್ತು. ಇನ್ನೊಂದು ಕೈಯ ಕನ್ನಡಿ ಅಲುಗಲೇ ಇಲ್ಲ.

"ಮುಂದಿನ ವರ್ಷ ಎಷ್ಟಾಗುತ್ತೆ?" ಅಂದ ಕನ್ನಡಕ.

"ತಿಂಗಳು ತಿಂಗಳು ಬಾ. ತೋರಿಸ್ತೀನಿ."